ನಾಲ್ಕು ತೊಗರಿ ಕಾಳು, ಮೂರು ಕಡಲೆ, ಎರಡು ಹುಣಸೆ ಬೀಜ

ನಾವು ಆಡುವ ಕಥೆಯಾಟದಲ್ಲಿ ನನ್ನ ಪಾತ್ರ ವಿಝರ್ಡ್, ಅಂದರೆ ಮಂತ್ರವಾದಿ. ಅವನ ಶಕ್ತಿಯೆಲ್ಲ ಒಂದು ಸ್ಟೀಲ್ ಬಟ್ಟಲಲ್ಲಿ ಇರುತ್ತದೆ. ನಾಲ್ಕು ತೊಗರಿ ಕಾಳು, ಮೂರು ಕಡಲೆ, ಎರಡು ಹುಣಸೆ ಬೀಜ. ಮಂತ್ರ ಹಾಕಿದಾಗಲೆಲ್ಲ ಒಂದನ್ನು ತೆಗೆದು ನಡುವೆ ಇಟ್ಟ ತಟ್ಟೆಗೆ ಹಾಕಬೇಕು. ಹುಣಸೆ ಬೀಜ ತಟ್ಟೆಗೆ ಬಿದ್ದರೆ ಟಣ್ ಅನ್ನುತ್ತದೆ. ಆ ಸದ್ದಿಗೆ ಎಲ್ಲರೂ ತಲೆ ಎತ್ತುತ್ತಾರೆ. ಏನೋ ದೊಡ್ಡದು ಖರ್ಚಾಯಿತು ಅಂತ ಹೇಳುವುದೇ ಬೇಕಿಲ್ಲ.

ನಾವು ಐದು ಜನ. ಭಾನುವಾರ ಸಂಜೆ ಕಲಬುರಗಿಯ ಬ್ರಹ್ಮಪುರದಲ್ಲಿ ಒಬ್ಬ ಗೆಳೆಯನ ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಕಥೆ ನಡೆಸುತ್ತಾರೆ, ಅವರನ್ನು ಡಿಎಂ ಅನ್ನುತ್ತೇವೆ. ಉಳಿದವರು ಒಂದೊಂದು ಪಾತ್ರ. ಏನು ಮಾಡುತ್ತೇವೆ ಅಂತ ನಾವು ಹೇಳುತ್ತೇವೆ, ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ನಡುನಡುವೆ ಮಿರ್ಚಿ ಭಜಿ, ಸುಸಲಾ, ಚಹಾ. ಮೊದಲು ಮಂತ್ರಗಳ ಖರ್ಚಿನ ಲೆಕ್ಕವನ್ನು ಪೆನ್ಸಿಲ್‌ನಲ್ಲಿ ಬರೆದು ಅಳಿಸುತ್ತಿದ್ದೆ. ಅಳಿಸಿ ಅಳಿಸಿ ಹಾಳೆ ತೂತು ಬಿತ್ತು. ಆಮೇಲೆ ಗೆಳೆಯನ ಮನೆಯ ಅಡಿಗೆಮನೆಯಿಂದ ಕಾಳು ಬಂದವು. ಈ ಊರಲ್ಲಿ ಬೇರೇನು ಇಲ್ಲದಿದ್ದರೂ ತೊಗರಿ ಇರುತ್ತದಲ್ವಾ.

ಈ ಕಾಳುಗಳ ಹೆಸರು ಸ್ಪೆಲ್ ಸ್ಲಾಟ್. ನಾವು ಆಡುವುದು 2014ರ ನಿಯಮ. ಲೆವೆಲ್ ಅಂದರೆ ಪಾತ್ರ ಬೆಳೆದ ಹಂತ, ಮಟ್ಟ ಅಂದರೆ ಮಂತ್ರದ ಮತ್ತು ಸ್ಲಾಟ್‌ನ ಅಳತೆ. ಒಂದನೇ ಲೆವೆಲ್‌ನ ವಿಝರ್ಡ್‌ಗೆ ಇಡೀ ದಿನಕ್ಕೆ ಎರಡೇ ಸ್ಲಾಟ್. ಐದನೇ ಲೆವೆಲ್ ಹೊತ್ತಿಗೆ ಒಟ್ಟು ಒಂಬತ್ತು ಆಗುತ್ತವೆ: ಒಂದನೇ ಮಟ್ಟದ್ದು 4 (ತೊಗರಿ), ಎರಡನೇ ಮಟ್ಟದ್ದು 3 (ಕಡಲೆ), ಮೂರನೇ ಮಟ್ಟದ್ದು 2 (ಹುಣಸೆ ಬೀಜ). ಇಪ್ಪತ್ತನೇ ಲೆವೆಲ್ ಮುಟ್ಟಿದ ಮಹಾ ವಿಝರ್ಡ್‌ಗೂ 22 ಮಾತ್ರ. ಕ್ಯಾಂಟ್ರಿಪ್ ಅನ್ನುವ ಸಣ್ಣ ಮಂತ್ರಗಳಿಗೆ ಲೆಕ್ಕವಿಲ್ಲ, ಎಷ್ಟು ಸಲ ಬೇಕಾದರೂ ಹಾಕಬಹುದು. ಉಳಿದದ್ದಕ್ಕೆಲ್ಲ ಸಾಮಾನ್ಯವಾಗಿ ಕಾಳು ಬೇಕು.

ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಾನು ಬೆಳೆದದ್ದೇ ಹೀಗೆ. ನಾನು ಸಣ್ಣವನಿದ್ದಾಗ ಬೇಸಿಗೆಯಲ್ಲಿ ನಮ್ಮ ಓಣಿಗೆ ನಾಲ್ಕೈದು ದಿನಕ್ಕೊಮ್ಮೆ ನಳ ಬರುತ್ತಿತ್ತು. ಬಂದ ಎರಡು ತಾಸಿನಲ್ಲಿ ಮನೆಯಲ್ಲಿದ್ದ ಪಾತ್ರೆಯೆಲ್ಲ ತುಂಬಬೇಕು. ಹಿತ್ತಲಲ್ಲಿ ಎರಡು ಹಂಡೆ, ಬಾಗಿಲ ಪಕ್ಕದಲ್ಲಿ ಕೊಡಗಳು, ಒಲೆ ಕಟ್ಟೆ ಮೇಲೆ ಸಣ್ಣ ಬಿಂದಿಗೆಗಳು. ಯಾವ ನೀರು ಯಾವುದಕ್ಕೆ ಅನ್ನೋದು ಅವ್ವನ ತಲೆಯಲ್ಲಿ ಇರುತ್ತಿತ್ತು. ಒಂದು ಸಲ ಕೈ ತೊಳೆಯಲು ಹಂಡೆಗೆ ತಂಬಿಗೆ ಅದ್ದಿದೆ. ಅವ್ವ ಒಳಗಿನಿಂದಲೇ ಕೂಗಿದಳು: "ಹಂಡೆದಾಗಿಂದು ಮುಟ್ಟಬ್ಯಾಡ, ಅದು ನಾಡಿದ್ದಿಗೆ ಬೇಕು."

ಸ್ಲಾಟ್ ಅಂದರೆ ಹೀಗೆ ಬೇರೆ ಬೇರೆ ಅಳತೆಯ ಪಾತ್ರೆ. ಸಣ್ಣ ಮಂತ್ರವನ್ನು ದೊಡ್ಡ ಸ್ಲಾಟ್‌ನಿಂದ ಹಾಕಬಹುದು. ದೊಡ್ಡ ಮಂತ್ರವನ್ನು ಸಣ್ಣ ಸ್ಲಾಟ್‌ನಿಂದ ಹಾಕಲು ಬರುವುದಿಲ್ಲ. ಹತ್ತು ತೊಗರಿ ಕಾಳು ಕೂಡಿಸಿದರೂ ಒಂದು ಹುಣಸೆ ಬೀಜ ಆಗುವುದಿಲ್ಲ. ಒಂದೇ ಒಂದು ವ್ಯತ್ಯಾಸ. ಹಂಡೆಯಿಂದ ಒಂದು ತಂಬಿಗೆ ತೆಗೆದರೆ ಉಳಿದ ನೀರು ಉಳಿಯುತ್ತದೆ. ಸ್ಲಾಟ್ ಹಾಗಲ್ಲ, ಬಗ್ಗಿಸಿದರೆ ಪೂರ್ತಿ ಬಗ್ಗಿಸಿದಂತೆ. ಕೆಲವು ಮಂತ್ರಗಳಿಗೆ ಅದರ ಲಾಭ ಸಿಗುತ್ತದೆ. ಮ್ಯಾಜಿಕ್ ಮಿಸೈಲ್ ಒಂದನೇ ಮಟ್ಟದಲ್ಲಿ ಮೂರು ಬಾಣ ಬಿಡುತ್ತದೆ, ಎರಡನೇ ಮಟ್ಟದ ಸ್ಲಾಟ್ ಕೊಟ್ಟರೆ ನಾಲ್ಕು. ಫೈರ್‌ಬಾಲ್, ಅಂದರೆ ಬೆಂಕಿಯುಂಡೆಯ ಏಟಿಗೆ ಮೂರನೇ ಮಟ್ಟದಲ್ಲಿ ಆರು ಮುಖದ 8 ದಾಳ, ಮೇಲಿನ ಒಂದೊಂದು ಮಟ್ಟಕ್ಕೂ ಒಂದೊಂದು ದಾಳ ಜಾಸ್ತಿ. ಆದರೆ ತಾಗಿದ ಏಟನ್ನೂ ತಪ್ಪಿಸಬಲ್ಲ ಶೀಲ್ಡ್‌ನಂಥ ಮಂತ್ರಕ್ಕೆ ಹುಣಸೆ ಬೀಜ ಕೊಟ್ಟರೂ ಅದೇ ಫಲ, ತೊಗರಿ ಕಾಳು ಕೊಟ್ಟರೂ ಅದೇ ಫಲ. ಹಂಡೆ ನೀರಲ್ಲಿ ಕೈ ತೊಳೆದಂತೆ.

ಹೊಸಬರು ತೊಡರಿಕೊಳ್ಳುವುದು ಇನ್ನೊಂದು ಕಡೆ. ವಿಝರ್ಡ್‌ಗೆ ಮಂತ್ರ ಮೂರು ಜಾಗದಲ್ಲಿ ಇರುತ್ತದೆ. ಒಂದು, ಪುಸ್ತಕದಲ್ಲಿ ಬರೆದುಕೊಂಡದ್ದು. ಎರಡು, ಇವತ್ತಿಗೆ ಅಂತ ತಯಾರು ಮಾಡಿಕೊಂಡದ್ದು. ಮೂರು, ಅದನ್ನು ಹಾಕಲು ಇರುವ ಸ್ಲಾಟ್. ಪುಸ್ತಕ ಆರು ಮಂತ್ರದಿಂದ ಶುರುವಾಗುತ್ತದೆ, ಒಂದೊಂದು ಲೆವೆಲ್‌ಗೂ ಎರಡೆರಡು ಸೇರುತ್ತವೆ. ಬೇರೆಯವರ ಪುಸ್ತಕ ಸಿಕ್ಕಿದರೆ ನಕಲು ಮಾಡಿಕೊಳ್ಳಬಹುದು. ಅದಕ್ಕೆ ಮಂತ್ರದ ಮಟ್ಟ ಒಂದಕ್ಕೆ 2 ತಾಸು, 50 ಚಿನ್ನದ ನಾಣ್ಯ. ಬೆಳಗ್ಗೆ ಪುಸ್ತಕ ತೆರೆದು ಆರಿಸಿಕೊಳ್ಳುವುದು ತನ್ನ ಲೆವೆಲ್ ಮತ್ತು ಬುದ್ಧಿಯಿಂದ ಸಿಗುವ ಹೆಚ್ಚುವರಿ ಅಂಕ ಕೂಡಿಸಿದಷ್ಟು. ನನ್ನದು ಐದನೇ ಲೆವೆಲ್, ಆ ಹೆಚ್ಚುವರಿ ಅಂಕ ನಾಲ್ಕು, ಹಾಗಾಗಿ ಒಂಬತ್ತು ಮಂತ್ರ. ಒಂಬತ್ತು ಮಂತ್ರ, ಒಂಬತ್ತು ಸ್ಲಾಟ್. ಹೊಂದಿಕೊಂಡಂತೆ ಕಂಡರೂ ಇವು ಒಂದಕ್ಕೊಂದು ಕಟ್ಟಿಲ್ಲ. ಬೇಕಾದರೆ ನಾಲ್ಕು ತೊಗರಿ ಕಾಳನ್ನೂ ಒಂದೇ ಮಂತ್ರಕ್ಕೆ ಸುರಿಯಬಹುದು.

ಹಳೆಯ ಆಟದಲ್ಲಿ ಈ ಸಡಿಲಿಕೆ ಇರಲಿಲ್ಲ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ 1974ರಲ್ಲಿ ಈ ಆಟ ತಂದಾಗ ವಿಝರ್ಡ್ ಬೆಳಗ್ಗೆ ಮಂತ್ರ ಬಾಯಿಪಾಠ ಮಾಡಬೇಕಿತ್ತು. ಒಂದು ಸಲ ಹೇಳಿದರೆ ಅದು ತಲೆಯಿಂದ ಅಳಿಸಿ ಹೋಗುತ್ತಿತ್ತು. ಎರಡು ಸಲ ಬೇಕಿದ್ದರೆ ಎರಡು ಸಲ ಬಾಯಿಪಾಠ. ಜ್ಯಾಕ್ ವ್ಯಾನ್ಸ್ ಅನ್ನುವ ಅಮೆರಿಕದ ಲೇಖಕರ 1950ರ ಕಥೆಗಳಿಂದ ಬಂದ ಯೋಚನೆ ಇದು, ಅದಕ್ಕೇ ಆಟಗಾರರು ಇದನ್ನು ವ್ಯಾನ್ಸಿಯನ್ ಪದ್ಧತಿ ಅನ್ನುತ್ತಾರೆ. ಆಗ ಒಂದನೇ ಲೆವೆಲ್‌ನಲ್ಲಿ ದಿನಕ್ಕೆ ಒಂದೇ ಮಂತ್ರ. ಅದು ಹಾಕಿ ಮುಗಿದ ಮೇಲೆ ವಿಝರ್ಡ್ ಅಂದರೆ ಕೈಯಲ್ಲಿ ಚಾಕು ಹಿಡಿದ ಬಡಕಲು ಮನುಷ್ಯ. ನನಗೆ ಆ ಕಟ್ಟುನಿಟ್ಟು ಇಷ್ಟ. ಆದರೆ ವಾರವೆಲ್ಲ ದುಡಿದು ಭಾನುವಾರ ಮೂರು ತಾಸು ಬಿಡುವು ಮಾಡಿಕೊಂಡು ಬಂದವರಿಗೆ "ನಿನ್ನದು ಮುಗೀತು, ಸುಮ್ನೆ ಕೂಡು" ಅನ್ನುವುದು ಸರಿಯಲ್ಲ. ಕ್ಯಾಂಟ್ರಿಪ್‌ಗಳಿಗೆ ಮಿತಿ ತೆಗೆದದ್ದು ಒಳ್ಳೆಯದೇ ಆಯಿತು.

ಇಷ್ಟೆಲ್ಲ ತಿಳಿದೂ ನಾನು ಸ್ಲಾಟ್ ಅಂದರೆ ಏನು ಅಂತ ನಿಜವಾಗಿ ಕಲಿತದ್ದು ಕರೇಜ್‌ನಲ್ಲಿ.

ನಮ್ಮ ಡಿಎಂ ಒಮ್ಮೆ ಬೀದರ್‌ಗೆ ಹೋಗಿ ಬಂದ. 2017ರಲ್ಲಿ ಕಲಬುರಗಿ-ಬೀದರ್ ರೈಲು ಶುರುವಾದ ಮೇಲೆ ಅದು ನಮಗೆ ಪಕ್ಕದ ಊರಿದ್ದಂತೆ. ನೌಬಾದ್‌ನ ಕರೇಜ್ ನೋಡಿ ಬಂದವನಿಗೆ ತಲೆಯಲ್ಲಿ ಅದೇ. ಬಹಮನಿಗಳ ಕಾಲದ್ದು, 15ನೇ ಶತಮಾನದ ಸುರಂಗ ಬಾವಿ. ನೆಲದೊಳಗಿನ ನೀರಿನ ಸೆಲೆ ಹಿಡಿದು, ಇಳಿಜಾರಿಗೆ ಸುರಂಗ ತೋಡಿ, ಯಾವ ಯಂತ್ರವೂ ಇಲ್ಲದೆ ನೀರು ತಾನಾಗಿ ಹರಿದು ಬರುವಂತೆ ಮಾಡಿದ್ದಾರೆ. ನಡುನಡುವೆ ಗಾಳಿ ಬೆಳಕಿಗೆ ಮೇಲಿನವರೆಗೆ ನೆಟ್ಟಗೆ ಕೊರೆದ ಬಾವಿಗಳು. ಆಟಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಮುಂದಿನ ಭಾನುವಾರ ನಮ್ಮ ಪಾತ್ರಗಳು ಅಂಥದೇ ಒಂದು ಸುರಂಗದೊಳಗೆ ಇಳಿದವು. ಯಾರೋ ನೀರು ಕಟ್ಟಿಹಾಕಿದ್ದಾರೆ, ಊರು ಬಾಯಾರಿದೆ. ಸಂಜೆ ಮೇಲಿನ ಕೆರೆಯ ತೂಬು ತೆರೆಯುತ್ತದೆ, ಅಷ್ಟರೊಳಗೆ ಕೆಲಸ ಮುಗಿಸಿ ಹೊರಗೆ ಬರಬೇಕು.

ಆ ದಿನ ನಾನು ಖರ್ಚು ಮಾಡಿದ್ದು ಒಂದೊಂದೂ ನೆನಪಿದೆ. ಬೆಳಗ್ಗೆಯೇ ಮೇಜ್ ಆರ್ಮರ್ ಅನ್ನುವ ಕವಚದ ಮಂತ್ರಕ್ಕೆ ಒಂದು ತೊಗರಿ. ಮೊದಲ ಕೋಣೆಯಲ್ಲಿ ಎಂಟು ಅಸ್ಥಿಪಂಜರ. ಫೈರ್‌ಬಾಲ್. ಟಣ್. ಆರು ಬಿದ್ದವು. ಉಳಿದ ಎರಡಕ್ಕೆ ಇನ್ನೊಂದು ಫೈರ್‌ಬಾಲ್. ಟಣ್. ಎಲ್ಲರೂ ಚಪ್ಪಾಳೆ ಹೊಡೆದರು. ಮುಂದೆ ಕಬ್ಬಿಣದ ಬಾಗಿಲು. ನಮ್ಮ ಕಳ್ಳನ ಪಾತ್ರದವನು "ನಾ ನೋಡ್ಲೇನು?" ಅನ್ನುವಷ್ಟರಲ್ಲಿ ನಾನು ಕಡಲೆ ತಟ್ಟೆಗೆ ಹಾಕಿಯಾಗಿತ್ತು. ನಾಕ್ ಅನ್ನುವ ಮಂತ್ರ. ಬೀಗ ತೆರೆಯುತ್ತದೆ, ಆದರೆ ಅದರ ಸದ್ದು 300 ಅಡಿ ದೂರಕ್ಕೆ ಕೇಳುತ್ತದೆ. ಆ ಸದ್ದಿಗೆ ಇನ್ನಷ್ಟು ಅಸ್ಥಿಪಂಜರಗಳು ಎದ್ದು ನಮ್ಮ ಬೆನ್ನು ಹತ್ತಿದವು. ಮಿರರ್ ಇಮೇಜ್‌ಗೆ ಒಂದು ಕಡಲೆ, ಮಿಸ್ಟಿ ಸ್ಟೆಪ್‌ಗೆ ಒಂದು. ಮ್ಯಾಜಿಕ್ ಮಿಸೈಲ್‌ಗೆ ತೊಗರಿ, ಶೀಲ್ಡ್‌ಗೆ ತೊಗರಿ. ಉಳಿದದ್ದು ಒಂದು ಕಾಳು.

ಗಾಳಿಯ ಬಾವಿ ಹತ್ತಿ ಹೊರಗೆ ಹೋಗುವುದೇ ದಾರಿ ಅಂತ ತೀರ್ಮಾನವಾಯಿತು. ಹತ್ತುವ ಮುಂಚೆ ಒಂದು ಬಾಣ ನನಗೆ ತಾಗಿತು. ನನ್ನಲ್ಲಿ 19 ಅಂಕ ಜೀವ ಇತ್ತು. ಆ ಬಾಣದಿಂದ ಹೋಗುವುದು ಹೆಚ್ಚೆಂದರೆ ಏಳೋ ಎಂಟೋ. ಆದರೂ ಶೀಲ್ಡ್ ಅಂದೆ. ಕೊನೆಯ ತೊಗರಿ ಕಾಳು ತಟ್ಟೆಗೆ ಬಿತ್ತು. ಬಾಣ ತಪ್ಪಿತು.

ಎಲ್ಲರಿಗಿಂತ ಮೇಲೆ ಅಕ್ಕನ ಪಾತ್ರ ಹತ್ತುತ್ತಿತ್ತು. ನಮ್ಮ ಗುಂಪಿನಲ್ಲಿ ದೊಡ್ಡವರು ಅವರು, ಎಲ್ಲರಿಗೂ ಅಕ್ಕ. ಅವರದ್ದು ಕ್ಲೆರಿಕ್, ಗಾಯ ವಾಸಿ ಮಾಡುವವಳು. ಎಂಟು ತಿಂಗಳಿಂದ ಆ ಪಾತ್ರ ಆಡುತ್ತಿದ್ದರು. 60 ಅಡಿ ಎತ್ತರದಲ್ಲಿ ಹಗ್ಗ ಹರಿಯಿತು.

ಫೆದರ್ ಫಾಲ್ ಅಂತ ಒಂದು ಮಂತ್ರ ಇದೆ. ಒಂದನೇ ಮಟ್ಟದ್ದು. ಬೀಳುತ್ತಿರುವ ಐದು ಜನರನ್ನು ಹಕ್ಕಿಯ ಗರಿಯಂತೆ ಮೆಲ್ಲಗೆ ಇಳಿಸುತ್ತದೆ. ಅವತ್ತು ಬೆಳಗ್ಗೆ ನಾನು ಅದನ್ನು ತಯಾರು ಮಾಡಿಕೊಂಡಿದ್ದೆ. ಬಾವಿಗಳಿರುವ ಜಾಗ ಅಂತ ಗೊತ್ತಿತ್ತಲ್ಲ, ಯೋಚಿಸಿಯೇ ಬರೆದುಕೊಂಡಿದ್ದೆ. ಹಾಳೆಯ ಮೇಲೆ ನನ್ನ ಕೈಬರಹದಲ್ಲಿ ಇತ್ತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಟ್ಟಲು ನೋಡಿದೆ.

ಹತ್ತು ಅಡಿಗೆ ಒಂದು ದಾಳದಂತೆ ಆರು ದಾಳ ಉರುಳಿದವು. 24. ಅಕ್ಕನ ಹತ್ತಿರ 17 ಅಂಕ ಜೀವ ಇತ್ತು. ಬಿದ್ದ ಜಾಗದಲ್ಲಿ, ನಾಕ್ ಸದ್ದಿಗೆ ಎದ್ದು ಬಂದ ಆ ಅಸ್ಥಿಪಂಜರಗಳು. ಪ್ರಾಣ ಉಳಿಸಿಕೊಳ್ಳಲು ಉರುಳಿಸುವ ದಾಳದಲ್ಲಿ ಅಕ್ಕನಿಗೆ 4 ಬಂತು. ಅದು ಒಂದು ಸೋಲು. ಎಚ್ಚರ ತಪ್ಪಿ ಬಿದ್ದವರಿಗೆ ಪಕ್ಕದಲ್ಲೇ ನಿಂತು ಹೊಡೆದರೆ ಎರಡು ಸೋಲು. ಮೂರಾದರೆ ಮುಗಿಯಿತು. ಸತ್ತವರನ್ನು ಎಬ್ಬಿಸುವ ಮಂತ್ರ ಗೊತ್ತಿದ್ದದ್ದು ಅವರೊಬ್ಬರಿಗೇ.

ಅಕ್ಕ ತಮ್ಮ ಪಾತ್ರದ ಹಾಳೆಯನ್ನು ನಾಲ್ಕು ಮಡಿಕೆ ಮಡಚಿ ಬ್ಯಾಗಿಗೆ ಹಾಕಿಕೊಂಡರು. ಏನೂ ಅನ್ನಲಿಲ್ಲ. ನಾನು ಆ ರಾತ್ರಿ ಸರಿಯಾಗಿ ಮಲಗಲಿಲ್ಲ. ಆಟ ಅಂತ ಗೊತ್ತು. ಆದರೂ ಎಂಟು ತಿಂಗಳು ಒಬ್ಬರು ಕಟ್ಟಿದ್ದನ್ನು ಉಳಿಸಲು ಒಂದು ತೊಗರಿ ಕಾಳು ಸಾಕಿತ್ತು. ಎರಡು ಹುಣಸೆ ಬೀಜ ಇದ್ದವು, ಮೂರು ಕಡಲೆ ಇದ್ದವು, ಯಾವುದಾದರೂ ಒಂದು ಸಾಕಿತ್ತು.

ಮರುವಾರ ಆಡಲಿಲ್ಲ. ಅಪ್ಪನ ಕೆರೆ ದಂಡೆಯಲ್ಲಿ ಸುತ್ತು ಹಾಕುತ್ತ ಮಾತಾಡಿದೆವು. ನಾನು ತಪ್ಪಾಯಿತು ಅಂದೆ. ಅಕ್ಕ ಹೇಳಿದ್ದು ಬೇರೆಯದೇ. "ನಿಂದು ತಪ್ಪಿಲ್ಲಪಾ. ನಾವು ಎಲ್ಲಾರೂ ಹಂಗೇ ಆಡ್ತಿದ್ದೀವಿ. ದಿನಾ ಮಲಗ್ತೀವಿ, ಏಳ್ತೀವಿ, ಎಲ್ಲಾ ತುಂಬ್ಕೋತೀವಿ. ಅದಕ್ಕ ಯಾವುದಕ್ಕೂ ಬೆಲಿ ಇಲ್ಲ."

ಅವರು ಹೇಳಿದ್ದು ನಿಜ. ನಿಯಮದ ಪ್ರಕಾರ 8 ತಾಸು ಲಾಂಗ್ ರೆಸ್ಟ್ ತೆಗೆದುಕೊಂಡರೆ ಎಲ್ಲ ಸ್ಲಾಟ್ ವಾಪಸ್. ಆ ಒಂದು ದಿನದಲ್ಲಿ ಸಾಧಾರಣದಿಂದ ಕಷ್ಟದವರೆಗಿನ ಆರರಿಂದ ಎಂಟು ಕಾಳಗ ನಡೆಯಬಹುದು ಅನ್ನುವ ಅಂದಾಜು ಆಟದ ನಿಯಮ ಪುಸ್ತಕದಲ್ಲಿದೆ. ನಮ್ಮಲ್ಲಿ ನಡೆಯುತ್ತಿದ್ದದ್ದು ಒಂದೋ ಎರಡೋ. ಎಲ್ಲ ಸುರಿದು, ಟೈನಿ ಹಟ್ ಮಂತ್ರದಿಂದ ಗುಡಾರ ಕಟ್ಟಿ ಮಲಗಿಬಿಡುತ್ತಿದ್ದೆವು. ಅದನ್ನು ಪೂಜೆಯ ವಿಧಿಯಂತೆ ನಿಧಾನವಾಗಿಯೂ ಹಾಕಬಹುದು. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಸ್ಲಾಟ್ ಖರ್ಚಿಲ್ಲ. ದಿನಾ ನಳ ಬರುವ ಮನೆಯವರು ನೀರು ಬಳಸುವ ಹಾಗೆ ನಾನು ಮಂತ್ರ ಬಳಸುವುದನ್ನು ರೂಢಿ ಮಾಡಿಕೊಂಡಿದ್ದೆ. ಕರೇಜ್‌ನಲ್ಲಿ ಮೊದಲ ಸಲ ಮಲಗಲು ಹೊತ್ತು ಇರಲಿಲ್ಲ, ಅಲ್ಲಿ ಸಿಕ್ಕಿಬಿದ್ದೆ.

ಆಗ ನಮ್ಮ ಡಿಎಂ ಒಂದು ಬದಲಾವಣೆ ತಂದ. ಅದೂ ಪುಸ್ತಕದಲ್ಲೇ ಇರುವ ಐಚ್ಛಿಕ ನಿಯಮ, ಗ್ರಿಟಿ ರಿಯಲಿಸಂ ಅಂತ ಹೆಸರು. ಒಂದು ತಾಸಿನ ಶಾರ್ಟ್ ರೆಸ್ಟ್ ಇನ್ನು ಮೇಲೆ 8 ತಾಸು, ಅಂದರೆ ಒಂದು ರಾತ್ರಿಯ ನಿದ್ದೆ. ಲಾಂಗ್ ರೆಸ್ಟ್ 7 ದಿನ. ಸ್ಲಾಟ್ ಒಂದೂ ಕಡಿಮೆಯಾಗಲಿಲ್ಲ. ನನ್ನ ಬಟ್ಟಲಲ್ಲಿ ಅದೇ ಒಂಬತ್ತು. ಆದರೆ ನಾನು ಆಡುವ ರೀತಿ ಪೂರ್ತಿ ಬದಲಾಯಿತು.

ಈ ಆಟದ ಬಗ್ಗೆ ಮಾತಾಡುವವರು ಯಾವಾಗಲೂ ಎಷ್ಟು ಸ್ಲಾಟ್ ಅಂತ ಎಣಿಸುತ್ತಾರೆ. ನಾನೂ ಎಣಿಸುತ್ತಿದ್ದೆ. ಈಗ ಅನಿಸುವುದು, ಕೇಳಬೇಕಾದ ಪ್ರಶ್ನೆ ಅದಲ್ಲ. ಮತ್ತೆ ಯಾವಾಗ ತುಂಬುತ್ತದೆ? ಅವ್ವ ಒಂದು ದಿನವೂ ಕೊಡ ಎಣಿಸಿದ್ದನ್ನು ನಾನು ನೋಡಿಲ್ಲ. ಪಕ್ಕದ ಮನೆಯ ಕಾಕು ಜೊತೆ ಅವಳು ಮಾತಾಡುತ್ತಿದ್ದದ್ದು ಒಂದೇ: "ನಳಾ ಯಾವಾಗ ಬರ್ತದಂತ?" ಅದು ಗೊತ್ತಾದರೆ ಅವಳ ಕೈ ತಾನಾಗಿ ಹಿಡಿತಕ್ಕೆ ಬರುತ್ತಿತ್ತು. ನಾಳೆ ಅಂದರೆ ಅಂಗಳಕ್ಕೆ ಧಾರಾಳ ನೀರು. ಇನ್ನೂ ಮೂರು ದಿನ ಅಂದರೆ ಅಕ್ಕಿ ತೊಳೆದ ನೀರು ಬಕೆಟ್‌ಗೆ, ಅಲ್ಲಿಂದ ಕರಿಬೇವಿನ ಗಿಡಕ್ಕೆ.

ವಿಝರ್ಡ್‌ಗೆ ಇನ್ನೊಂದು ಸೌಲಭ್ಯ ಇದೆ, ಆರ್ಕೇನ್ ರಿಕವರಿ. ದಿನಕ್ಕೆ ಒಂದು ಸಲ, ಶಾರ್ಟ್ ರೆಸ್ಟ್ ಆದಮೇಲೆ, ತನ್ನ ಲೆವೆಲ್‌ನ ಅರ್ಧದಷ್ಟು ಮಟ್ಟದ ಸ್ಲಾಟ್ ಮರಳಿ ಪಡೆಯಬಹುದು. ಅರ್ಧ ಉಳಿದರೆ ಮೇಲಕ್ಕೆ ಎಣಿಕೆ, ಹಾಗಾಗಿ ಐದನೇ ಲೆವೆಲ್‌ಗೆ 3. ಮೊದಲು ನಾನು ಇದನ್ನು ಮರೆತೇಬಿಡುತ್ತಿದ್ದೆ. ಕರೇಜ್‌ನಲ್ಲಂತೂ ಒಂದು ತಾಸು ಕೂರಲು ಪುರುಸೊತ್ತೇ ಇರಲಿಲ್ಲ. ಈಗ ಇದೇ ನನ್ನ ಬದುಕು. ಪ್ರತಿ ರಾತ್ರಿ ಮಲಗುವಾಗ ಆರಿಸಬೇಕು: ಒಂದು ಹುಣಸೆ ಬೀಜವೋ, ಒಂದು ಕಡಲೆ ಮತ್ತು ಒಂದು ತೊಗರಿಯೋ, ಮೂರು ತೊಗರಿಯೋ? ಬೋರ್‌ವೆಲ್ ಇದ್ದ ಪಕ್ಕದ ಮನೆಯವರು ದಿನಾ ಎರಡು ಕೊಡ ಕೊಡುತ್ತಿದ್ದರು. ಅವ್ವ ಅದನ್ನು ಕುಡಿಯಲು ಅಂತ ಮುಚ್ಚಿಡುತ್ತಿದ್ದಳು, ಬೇರೆ ಯಾವುದಕ್ಕೂ ತೆಗೆಯುತ್ತಿರಲಿಲ್ಲ. ನಾನು ಹೆಚ್ಚಾಗಿ ಮೂರು ತೊಗರಿ ತೆಗೆದುಕೊಳ್ಳುತ್ತೇನೆ. ನಾಳೆ ಒಂದು ಫೈರ್‌ಬಾಲ್ ಹಾಕುವುದಕ್ಕಿಂತ ಮೂರು ಸಲ ಯಾರನ್ನಾದರೂ ಉಳಿಸುವುದು ಮೇಲು ಅಂತ ನನಗೆ ಅನಿಸುತ್ತದೆ. ಫೈರ್‌ಬಾಲ್ ಪ್ರೇಮಿಗಳು ಒಪ್ಪಲಿಕ್ಕಿಲ್ಲ. ನಮ್ಮ ಕಳ್ಳನ ಪಾತ್ರದವನಂತೂ ಒಪ್ಪುವುದೇ ಇಲ್ಲ. ಆದರೆ ಬಾಗಿಲು ಬಂದಾಗ ಈಗ ನಾನು ಅವನ ಮುಖ ನೋಡುತ್ತೇನೆ, ಅವನು ಬೀಗ ತೆರೆಯುತ್ತಾನೆ. ಅದು ಅವನ ಕೆಲಸ. ಅದನ್ನು ನಾನು ಇಷ್ಟು ದಿನ ಒಂದೊಂದು ಕಡಲೆ ಕೊಟ್ಟು ಕಿತ್ತುಕೊಳ್ಳುತ್ತಿದ್ದೆ. ಇದು ಹೊಳೆದದ್ದೂ ನಳ ದೂರವಾದ ಮೇಲೆಯೇ.

ಬೇರೆ ಆಟಗಳನ್ನೂ ಈಗ ಇದೇ ಕಣ್ಣಿಂದ ನೋಡುತ್ತೇನೆ. 1975ರ ಟನಲ್ಸ್ ಅಂಡ್ ಟ್ರೋಲ್ಸ್‌ನಲ್ಲಿ ಮಂತ್ರಕ್ಕೆ ಮೈಯ ಬಲವೇ ಖರ್ಚು. ಗರ್ಪ್ಸ್‌ನಲ್ಲಿ ದಣಿವು, ಹತ್ತು ನಿಮಿಷ ಸುಮ್ಮನೆ ಕೂತರೆ ಒಂದು ಅಂಕ ಮರಳುತ್ತದೆ. ಕಾಲ್ ಆಫ್ ಕ್ತುಲು ಆಟದಲ್ಲಿ ಮಂತ್ರದ ಅಂಕಗಳು ಒಂದು ದಿನದಲ್ಲಿ ತುಂಬುತ್ತವೆ, ಆದರೆ ಜೊತೆಗೆ ಹೋದ ಬುದ್ಧಿಯ ಸ್ಥಿಮಿತ ಅಷ್ಟು ಸುಲಭಕ್ಕೆ ಮರಳುವುದಿಲ್ಲ. 2008ರ ನಾಲ್ಕನೇ ಆವೃತ್ತಿಯ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇದನ್ನು ನೇರವಾಗಿ ಹೇಳಿಬಿಟ್ಟಿತು: ಯಾವಾಗ ಬೇಕಾದರೂ, ಕಾಳಗಕ್ಕೊಮ್ಮೆ, ದಿನಕ್ಕೊಮ್ಮೆ. ಎಲ್ಲದರಲ್ಲೂ ಖರ್ಚಿಗಿಂತ ಮರಳುವ ದಾರಿಯೇ ಆಟದ ಬಣ್ಣ ತೀರ್ಮಾನಿಸುತ್ತದೆ.

ನಾವು ಸ್ಪೆಲ್ ಪಾಯಿಂಟ್ ಪದ್ಧತಿಯನ್ನೂ ಎರಡು ವಾರ ಪ್ರಯತ್ನಿಸಿದೆವು. ಅದರಲ್ಲಿ ಬೇರೆ ಬೇರೆ ಪಾತ್ರೆಗಳಿಲ್ಲ, ಒಂದೇ ಟಾಕಿ. ಐದನೇ ಲೆವೆಲ್‌ಗೆ 27 ಅಂಕ. ಒಂದನೇ ಮಟ್ಟದ ಮಂತ್ರಕ್ಕೆ 2, ಎರಡನೆಯದಕ್ಕೆ 3, ಮೂರನೆಯದಕ್ಕೆ 5. ಲೆಕ್ಕ ಸುಲಭ. ಆದರೆ ಐದು ಫೈರ್‌ಬಾಲ್‌ಗೆ 25 ಅಂಕ. ಮೊದಲ ವಾರವೇ ನನ್ನ ಕೈ ಮತ್ತೆ ಹಳೆ ಚಾಳಿಗೆ ಹೋಯಿತು. ಸಣ್ಣ ಪಾತ್ರೆ ಅಂತ ಬೇರೆ ಇದ್ದರೆ ಅದರಲ್ಲಿ ಸಣ್ಣ ಕೆಲಸವೇ ಆಗುತ್ತದೆ. ಟಾಕಿಗೆ ಆ ಮರ್ಯಾದೆ ಇಲ್ಲ. ಮೂರನೇ ವಾರ ಕಾಳಿನ ಬಟ್ಟಲು ವಾಪಸ್ ಬಂತು.

ಅಕ್ಕ ಹೊಸ ಪಾತ್ರ ಮಾಡಿಕೊಂಡಿದ್ದಾರೆ. ಈ ಸಲ ಬಿಲ್ಲುಗಾರ್ತಿ. ಎತ್ತರ ಕಂಡಲ್ಲೆಲ್ಲ ಹತ್ತುತ್ತಾರೆ. ಕಳೆದ ಭಾನುವಾರ ನಮ್ಮ ಕಥೆಯಲ್ಲಿ ಲಾಂಗ್ ರೆಸ್ಟ್‌ಗೆ ಇನ್ನೂ ಐದು ದಿನ ಇತ್ತು. ಬಟ್ಟಲಲ್ಲಿ ಒಂದು ಹುಣಸೆ ಬೀಜ, ಎರಡು ತೊಗರಿ. ಪಾಳು ಬುರುಜು ಬಂತು. ಅಕ್ಕ ಹತ್ತುತ್ತೇನೆ ಅಂದರು. ನಾನು ಒಂದು ತೊಗರಿ ಕಾಳನ್ನು ಬಟ್ಟಲಿಂದ ತೆಗೆದು, ಚಾಪೆ ಮೇಲೆ ನನ್ನ ಮೊಣಕಾಲ ಪಕ್ಕ ಬೇರೆ ಇಟ್ಟೆ. ಅಕ್ಕ ಅದನ್ನು ನೋಡಿದರು. ದಾಳ ಕೈಗೆ ತೆಗೆದುಕೊಂಡು, "ಹತ್ಲೇನು?" ಅಂದರು.

"ಹತ್ರಿ ಅಕ್ಕಾ" ಅಂದೆ.